ನುಡಿಯಲ್ಲಿ ಟೈಪ್ ಆದ ಲೇಖನ ಹುಡುಕಿದರೆ ಸಿಗಬೇಕಲ್ವಾ?

ಮುಂಬೈನ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ನಮ್ಮ ಅಧ್ಯಾಪಕರ ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದುವ ಹಾಗೆ ಆನ್‌ಲೈನ್‌ನಲ್ಲಿ ಇಡುವುದು ನನ್ನ ಕೆಲಸ. ಅದಕ್ಕೆ ಬಳಸಿದ್ದು ಡಿಸ್ಪೇಸ್. 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಕಂಪನಿ ಸೇರಿ ಹೊರತಂದ ಉಚಿತ ಸಾಫ್ಟ್‌ವೇರ್ ಅದು. ಸರ್ವರ್ ಕೆಲಸವನ್ನು ಕಂಪ್ಯೂಟರ್ ವಿಭಾಗದವರು ಮಾಡಿಕೊಟ್ಟರು.

"ಮೇಡಂ, ಲೇಖನದ ಹಕ್ಕನ್ನು ಸಂಶೋಧನಾ ಪತ್ರಿಕೆಗೆ ಬರೆದುಕೊಟ್ಟಾಗಿದೆ. ಈಗ ಹಾಕೋಕಾಗುತ್ತಾ?" ಅರ್ಥಶಾಸ್ತ್ರದ ಸರ್ ಕೇಳಿದರು. ಬಹಳ ಸಲ ಹಾಕಬಹುದು. ಪತ್ರಿಕೆಯವರು ಪುಟ ಕಟ್ಟಿದ ಪಿಡಿಎಫ್ ಸಾಮಾನ್ಯವಾಗಿ ಹಾಕುವಂತಿಲ್ಲ, ನಿಜ. ಆದರೆ ವಿಮರ್ಶಕರು ಹೇಳಿದ ತಿದ್ದುಪಡಿಯೆಲ್ಲ ಮುಗಿಸಿ ಲೇಖಕರು ಕಳಿಸಿದ ಕೊನೆಯ ವರ್ಡ್ ಫೈಲ್ ಇಡಲು ಎಷ್ಟೋ ಪತ್ರಿಕೆಗಳು ಒಪ್ಪುತ್ತವೆ. ಕೆಲವು ಒಂದೆರಡು ವರ್ಷ ಕಾಯಿರಿ ಅನ್ನುತ್ತವೆ. ಯಾವ ಪತ್ರಿಕೆಯ ನಿಯಮ ಏನೆಂದು ಶೆರ್ಪಾ ರೋಮಿಯೋ ಎಂಬ ಜಾಲತಾಣದಲ್ಲಿ ನೋಡುತ್ತಿದ್ದೆ. ಈಗ ಅದಕ್ಕೆ ಓಪನ್ ಪಾಲಿಸಿ ಫೈಂಡರ್ ಎಂಬ ಹೆಸರು. ಲೇಖನ ಒಪ್ಪಿಗೆಯಾದ ವಾರವೇ ಫೈಲ್ ಕೇಳಿ ಇಟ್ಟುಕೊಳ್ಳಬೇಕು. ತಡವಾದರೆ ಲೇಖಕರ ಹತ್ತಿರವೂ ಸಿಗುವುದಿಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ಕನ್ನಡ ಲೇಖನಗಳೇ. ಹಳೆಯವು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆ ಫಾಂಟ್‌ಗಳಲ್ಲಿ ಟೈಪ್ ಆದವು. ಪರದೆಯ ಮೇಲೆ ಚೆಂದದ ಕನ್ನಡವೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ: ತಲೆಬುಡವಿಲ್ಲದ ರೋಮನ್ ಅಕ್ಷರಗಳು. ಹುಡುಕುವ ಯಂತ್ರ ಓದುವುದೂ ಅದನ್ನೇ. ಅಂಥ ಪಿಡಿಎಫ್ ಅನ್ನು ಸುಮ್ನೆ ಏರಿಸಿದರೆ ಅದು ಬೀಗ ಹಾಕಿದ ಕಪಾಟಿನಲ್ಲಿಟ್ಟ ಹಾಗೆ. ಹಾಗಾಗಿ ಮೂಲ ಫೈಲ್ ತರಿಸಿ, ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಾಯಿಸುತ್ತೇನೆ. ಒತ್ತಕ್ಷರ, ಅರ್ಕಾವತ್ತು ಕೆಟ್ಟಿವೆಯಾ ಅಂತ ಕೂತು ಓದುತ್ತೇನೆ. ಮುದ್ರಿತ ಪ್ರತಿ ಮಾತ್ರ ಉಳಿದಿದ್ದರೆ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ಸಾಫ್ಟ್‌ವೇರ್ ಆದ ಟೆಸೆರಾಕ್ಟ್‌ಗೆ ಕೊಡುತ್ತೇನೆ. ಅದಕ್ಕೆ ಕನ್ನಡ ಬರುತ್ತದೆ, ಆದರೂ ಮಾಸಿದ ಅಚ್ಚಿನಲ್ಲಿ ತಿದ್ದುವುದು ತಪ್ಪುವುದಿಲ್ಲ.

ಲೇಖನದ ಹೆಸರು, ಲೇಖಕರ ಹೆಸರು, ವಿಷಯಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತುಂಬುತ್ತೇನೆ. ಮುಂಬೈಯಲ್ಲಿ ಓದಿದ ಕನ್ನಡದ ಮಕ್ಕಳಲ್ಲಿ ಎಷ್ಟೋ ಜನ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲೇ. ಧಾರವಾಡದಲ್ಲಿ ಕೂತವರು ಕನ್ನಡದಲ್ಲಿ ಹುಡುಕಬಹುದು. ಇಬ್ಬರಿಗೂ ಸಿಗಬೇಕು. ಸಾರಾಂಶ ಇಲ್ಲದ ಲೇಖನ ಬಂದರೆ ಲೇಖಕರಿಂದಲೇ ಐದಾರು ಸಾಲು ಬರೆಸುತ್ತೇನೆ. ಅದು ಕೈಗೆ ಬರುವ ತನಕ ಲೇಖನ ಏರಿಸುವುದಿಲ್ಲ.