ಖಾಲಿ ಗೂಡುಗಳ ಪಟ್ಟಿ: ಮಲಪ್ರಭೆಯ ದಂಡೆಯಲ್ಲಿ ನಾನು ಸುತ್ತುವ ಬಗೆ

ಶುಕ್ರವಾರ ಬಾದಾಮಿ, ಐಹೊಳೆಗೆ ಹೋಗಬೇಡಿ ಎಂದರೆ ಕೆಲವರು ರಾಹುಕಾಲದ ಮಾತೆಂದು ತಿಳಿಯುತ್ತಾರೆ. ವಿಷಯ ಅಷ್ಟು ಗಹನವಲ್ಲ. ಈ ಎರಡೂ ಊರುಗಳಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸುವ ವಸ್ತುಸಂಗ್ರಹಾಲಯಗಳಿಗೆ ಅಂದು ರಜೆ. ಗುಡಿ, ಗುಹೆಗಳು ಎಂದಿನಂತೆ ತೆರೆದಿರುತ್ತವೆ. ಹಾಗಾಗಿ ಮ್ಯೂಸಿಯಂ ಮುಚ್ಚಿದ್ದು ಬಹಳಷ್ಟು ಪ್ರವಾಸಿಗರ ಗಮನಕ್ಕೂ ಬರುವುದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಬಾದಾಮಿಯ ಗುಹಾಲಯಗಳಾದ ಮೇಣಬಸದಿಯ ಮೆಟ್ಟಿಲೇರಿ ಫೋಟೊ ತೆಗೆಸಿಕೊಂಡು ಇಳಿದವರು ಕೆರೆಯ ಆಚೆ ದಡದಲ್ಲಿರುವ ಆ ಕಟ್ಟಡದ ಬಾಗಿಲು ನೋಡದೆಯೇ ಬಸ್ ಹತ್ತುತ್ತಾರೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಚಳಿಗಾಲದ ಶಾಲಾ ಪ್ರವಾಸವೆಂದರೆ ನಮ್ಮ ಕಡೆ ಮಲಪ್ರಭೆಯ ದಂಡೆ ಇದ್ದದ್ದೇ. ಈ ನದಿ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆಯನ್ನು ದಾಟಿ, ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆರರಿಂದ ಎಂಟನೆಯ ಶತಮಾನದವರೆಗೆ ಚಾಲುಕ್ಯರು ಆಳಿದ, ಕಟ್ಟಿದ ಊರುಗಳೆಲ್ಲ ಈ ಗುಡ್ಡಗಳ ನಡುವಿನ ಸಣ್ಣ ಹರವಿನಲ್ಲಿವೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಇನ್ನೊಂದು ಹದಿನಾಲ್ಕು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಬಹುದು ಎಂದು ಜೀಪಿನವರು ಹೇಳುತ್ತಾರೆ. ಮುಗಿಸಬಹುದು, ನಿಜ. ನೋಡುವುದಕ್ಕೆ ಎರಡು ದಿನ ಬೇಕು.

ನಾನು ಪಾಲಿಸುವ ಕ್ರಮ ಸರಳ. ಮೊದಲು ಗುಡಿ, ಆಮೇಲೆ ಮ್ಯೂಸಿಯಂ. ಗುಡಿಗೆ ಹೋಗುವಾಗ ಪ್ರತಿ ಮಗುವಿನ ಕೈಯಲ್ಲೂ ಒಂದು ನೋಟ್‌ಬುಕ್ ಇರಬೇಕು. ಅದರಲ್ಲಿ ಶಿಲ್ಪಗಳ ಹೆಸರು ಬರೆಯುವ ಕೆಲಸವಿಲ್ಲ. ಏನು ಇಲ್ಲ ಎಂಬುದನ್ನು ಬರೆಯಬೇಕು. ಗೋಡೆಯಲ್ಲಿ ಖಾಲಿ ಗೂಡು, ಛಾವಣಿಯಲ್ಲಿ ಕಲ್ಲು ಕಿತ್ತ ಜಾಗ, ಮೂರ್ತಿ ಇಲ್ಲದ ಪೀಠ, ಹೀಗೆ. ಇದ್ದದ್ದನ್ನು ತೋರಿಸಿದರೆ ಹತ್ತು ನಿಮಿಷಕ್ಕೆ ಆಕಳಿಸುವ ಮಕ್ಕಳು ಇಲ್ಲದ್ದನ್ನು ಹುಡುಕಿ ಎಂದರೆ ಪತ್ತೇದಾರರಾಗುತ್ತಾರೆ.

ಈ ಆಟಕ್ಕೆ ಐಹೊಳೆಯಷ್ಟು ಒದಗುವ ಊರು ಬೇರೊಂದಿಲ್ಲ. ದುರ್ಗದ ಗುಡಿಯ ಸುತ್ತಲಿನ ಪಡಸಾಲೆಯಲ್ಲಿ ಸುತ್ತು ಬಂದರೆ ಗೂಡುಗಳಲ್ಲಿ ನಂದಿಗೆ ಒರಗಿದ ಶಿವ, ನರಸಿಂಹ, ಗರುಡನ ಮೇಲಿನ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಸಿಗುತ್ತಾರೆ. ನಡುನಡುವೆ ಕೆಲವು ಗೂಡುಗಳು ಬರಿದಾಗಿವೆ. ಅಂದಹಾಗೆ ಈ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ. ಹಿಂದೆ ಇದರ ಮೇಲೆ ಕೋಟೆಯ ಕಾವಲು ಕಟ್ಟೆಯಿತ್ತು, ಅದರಿಂದ ಬಂದ ಹೆಸರು. ಶಾಸನದ ಪ್ರಕಾರ ಇದು ಆದಿತ್ಯನಿಗೆ ಕಟ್ಟಿಸಿದ ಗುಡಿ.

ಗುಡಿಯ ಆವರಣದಲ್ಲೇ ಮ್ಯೂಸಿಯಂ ಇದೆ. ಆದರೆ ನಾನು ಮಕ್ಕಳನ್ನು ಒಳಗೆ ಬಿಡುವ ಮೊದಲು ಮೇಗುತಿ ಗುಡ್ಡ ಹತ್ತಿಸುತ್ತೇನೆ. ಬೆಳಗ್ಗೆ ಬಿಸಿಲೇರುವ ಮುಂಚೆಯೇ ಹತ್ತಬೇಕು, ಹತ್ತೂವರೆ ದಾಟಿದರೆ ಕಲ್ಲು ಕಾದು ಕಾಲಿಡುವುದು ಕಷ್ಟ. ಮೇಲಿನ ಜೈನ ಬಸದಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನೆಲ್ಲ ಹಾಡಿ ಹೊಗಳಿದ ಕವಿ ಕೊನೆಗೆ ತನ್ನನ್ನೇ ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ಸಂಕೋಚವೆಂಬುದು ಆತನಿಗೆ ಇದ್ದಂತಿಲ್ಲ. ಆದರೂ ಸಂಸ್ಕೃತ ಸಾಹಿತ್ಯದ ಚರಿತ್ರೆ ಬರೆಯುವವರು ಆತನಿಗೆ ಋಣಿಗಳು: ಆ ಇಬ್ಬರು ಕವಿಗಳು 634ಕ್ಕಿಂತ ಹಿಂದಿನವರು ಎಂದು ಗಟ್ಟಿಯಾಗಿ ಹೇಳಲು ಈ ಗೋಡೆಯೇ ಆಧಾರ.

ಗುಡ್ಡ ಇಳಿದು ಮ್ಯೂಸಿಯಮ್ಮಿಗೆ ಬಂದರೆ ಅಲ್ಲಿ ಮೇಗುತಿಯ ಜೈನ ಯಕ್ಷಿ ಅಂಬಿಕೆ ಕುಳಿತಿದ್ದಾಳೆ. ಮರದ ಕೆಳಗೆ, ಕಾಲು ಇಳಿಬಿಟ್ಟು, ಸಖಿಯರ ನಡುವೆ. ಮುಖ ಸವೆದಿದೆ, ಕೈಗಳು ಒಡೆದಿವೆ. ಆದರೆ ಆ ಕುಳಿತ ಭಂಗಿಯಲ್ಲಿರುವ ನಿರಾಳತೆಗೆ ಏನೂ ಆಗಿಲ್ಲ. ಮೇಲೆ ಬೋಳು ಗೋಡೆ ನೋಡಿ ಬಂದವರಿಗೆ ಈಕೆಯ ಊರು ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದು ವರ್ಷ ಒಬ್ಬ ಹುಡುಗಿ, “ಸರ್, ಇವಳನ್ನು ಅಲ್ಲೇ ಬಿಡಬಹುದಿತ್ತಲ್ಲ?” ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಪಕ್ಕದ ಹುಡುಗ, ಅಲ್ಲಿ ಬಿಟ್ಟಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ ಎಂದ. ಊಟದ ಹೊತ್ತಿನವರೆಗೂ ಅವರಿಬ್ಬರ ವಾದ ನಡೆಯಿತು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಎಲ್ಲ ಗೂಡಿಗೂ ಹೀಗೆ ಜೋಡಿ ಸಿಗುತ್ತದೆ ಎಂದುಕೊಳ್ಳಬೇಡಿ. ಅಳತೆ ಹೊಂದುವಂತೆ ಕಂಡಿತೆಂದು ಇದು ಅಲ್ಲಿಯದೇ ಎಂದು ಮಕ್ಕಳು ತೀರ್ಪು ಕೊಡಲು ಹೊರಟರೆ ನಾನು ತಡೆಯುತ್ತೇನೆ. ಫಲಕದಲ್ಲಿ ಸಿಕ್ಕ ಜಾಗದ ಹೆಸರಿದ್ದರೆ ಮಾತ್ರ ಟಿಪ್ಪಣಿಗೆ ಸೇರಿಸಬೇಕು. ಕೆಲವು ಕಲ್ಲುಗಳಂತೂ ನದಿ ದಾಟಿ ಬಹು ದೂರ ಹೋಗಿವೆ. ಐಹೊಳೆಯದೇ ಆದ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಈಗ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿವೆ. ಹಾರುವ ಗಂಧರ್ವ ಜೋಡಿಯೊಂದು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದೆ. ಐಹೊಳೆಯ ಮ್ಯೂಸಿಯಮ್ಮಿನಲ್ಲಿ ಊರು ಮತ್ತು ಸುತ್ತಲಿನ ಪ್ರದೇಶದ ದೊಡ್ಡ ಮಾದರಿ ಇದೆ. ಅದರ ಮುಂದೆ ನಿಂತು ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬೆರಳಿಟ್ಟು ತೋರಿಸುತ್ತೇನೆ. ಗುಡ್ಡ, ಗುಡಿ, ನದಿ ಇವುಗಳ ದಿಕ್ಕು ತಲೆಯೊಳಗೆ ಕೂರುವುದು ಆಗಲೇ.

ಪಟ್ಟದಕಲ್ಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅದರ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ಎರಡೇ ಜಾಗದಲ್ಲಿ ಮಕ್ಕಳನ್ನು ನಿಲ್ಲಿಸುತ್ತೇನೆ. ಒಂದು, ಇಮ್ಮಡಿ ಕೀರ್ತಿವರ್ಮನ ಕಾಲದ 754ರ ಕಂಬ: ಒಂದೇ ಒಕ್ಕಣೆಯನ್ನು ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲೂ ನಮ್ಮ ಹಳಗನ್ನಡ ಲಿಪಿಯಲ್ಲೂ ಕೆತ್ತಿದ್ದಾರೆ. ಇನ್ನೊಂದು, ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಂದೆ, ಪೂರ್ವಕ್ಕೆ, ನದಿ ಕಾಣುವ ಜಾಗ. ಇಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತಾಳೆ. ಚಳಿಗಾಲದಲ್ಲಿ ಸಣ್ಣ ಹರಿವು ನೋಡಿದ ಮಕ್ಕಳಿಗೆ 2019ರ ಆಗಸ್ಟ್‌ನಲ್ಲಿ ಇದೇ ನೀರು ಗುಡಿಗಳ ಆವರಣಕ್ಕೆ ನುಗ್ಗಿತ್ತೆಂದು ಹೇಳಿದರೆ ನಂಬಿಸುವುದು ಕಷ್ಟ.

ಎರಡನೆಯ ದಿನ ಪೂರ್ತಿ ಬಾದಾಮಿಗೆ. ಗುಹೆಗಳ ಬಳಿ ಮಂಗಗಳ ಕಾಟ ಇರುವುದರಿಂದ ಬಾಳೆಹಣ್ಣು, ಬಿಸ್ಕತ್ತು, ಪ್ಲಾಸ್ಟಿಕ್ ಚೀಲ ಎಲ್ಲವೂ ಬಸ್ಸಿನಲ್ಲೇ ಉಳಿಯಬೇಕು. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ 578ರ ಶಾಸನ ನೋಡಿ ಇಳಿದರೆ ಅಗಸ್ತ್ಯತೀರ್ಥವೆಂಬ ಕೆರೆಯ ದಂಡೆಗುಂಟ ಆಚೆಗೆ ನಡೆಯುವುದು. ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಮರಳಿ ಬರುತ್ತಿರುತ್ತದೆ.

ಮ್ಯೂಸಿಯಮ್ಮಿನಲ್ಲಿ ಶಿಕ್ಷಕರಿಗೆ ಪರೀಕ್ಷೆ ಒಡ್ಡುವ ಶಿಲ್ಪವೊಂದಿದೆ. ಬಾದಾಮಿ ಸಮೀಪದ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ. ತಲೆಯ ಜಾಗದಲ್ಲಿ ಅರಳಿದ ಕಮಲ, ಹೆರಿಗೆಗೆ ಕುಳಿತಂತೆ ಮಡಿಸಿ ಅಗಲಿಸಿದ ಕಾಲುಗಳು. ಸಹೋದ್ಯೋಗಿಗಳು ಕೆಲವರು ಮಕ್ಕಳನ್ನು ಬೇಗಬೇಗ ಮುಂದಕ್ಕೆ ನೂಕುತ್ತಾರೆ. ನೂಕಿದಷ್ಟೂ ನಗು ಹೆಚ್ಚು. ನಾನು ಅಲ್ಲೇ ನಿಲ್ಲಿಸಿ, ಬೆಳೆ ಬರಲಿ, ಸಂತಾನವಾಗಲಿ ಎಂದು ಜನ ಪೂಜಿಸಿದ ತಾಯಿ ಈಕೆ ಎಂದು ನೇರವಾಗಿ ಹೇಳುತ್ತೇನೆ. ಭೂತಾಯಿಗೆಂದು ಹೊಲದಲ್ಲಿ ಚರಗ ಚೆಲ್ಲುವ ಮನೆಗಳಿಂದ ಬಂದ ಮಕ್ಕಳಿಗೆ ಇದು ತಿಳಿಯದ ಮಾತಲ್ಲ. ಎರಡು ನಿಮಿಷದಲ್ಲಿ ನಗು ನಿಲ್ಲುತ್ತದೆ, ಪ್ರಶ್ನೆಗಳು ಶುರುವಾಗುತ್ತವೆ.

ಇಲ್ಲಿ ಅವಸರದಲ್ಲಿ ದಾಟಬಾರದ ಇನ್ನೊಂದು ಭಾಗವೆಂದರೆ ಶಿಡ್ಲಫಡಿ ಕಲ್ಲಾಸರೆಯ ಮಾದರಿ ಮತ್ತು ಶಿಲಾಯುಗದ ಆಯುಧಗಳು. ಬಾದಾಮಿ ಎಂದರೆ ಪುಲಕೇಶಿ ಎಂದಷ್ಟೇ ತಿಳಿದವರಿಗೆ, ಇದೇ ನದಿಯ ಬಯಲಿನಲ್ಲಿ ಅವನಿಗಿಂತ ಸಾವಿರಾರು ವರ್ಷ ಮುಂಚೆಯೇ ಜನ ಕಲ್ಲು ಕೆತ್ತಿ ಕೊಡಲಿ ಮಾಡುತ್ತಿದ್ದರು, ಬಂಡೆಯ ಮೇಲೆ ಚಿತ್ರ ಬರೆದಿದ್ದರು ಎಂಬುದು ಹೊಸ ಸುದ್ದಿ. ನಿಜವಾದ ಶಿಡ್ಲಫಡಿಗೆ ಕುರುಚಲು ಗಿಡಗಳ ನಡುವೆ ನಡೆದು ಹೋಗಬೇಕು. ದೊಡ್ಡವರ ಗುಂಪಿದ್ದರೆ ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಮಕ್ಕಳಿಗೆ ಮಾದರಿಯೇ ಸಾಕು.

ಹೊರಗೆ ಬಂದ ಮೇಲೆ ಕೆರೆಯ ಈಶಾನ್ಯದ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ. ಸುಮಾರು 700ರ ಈ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿ ಇದೆ. “ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ” ಎಂದು ನಾನು ಶುರು ಮಾಡಿದರೆ ಮಕ್ಕಳು ತಾವೇ ರಾಗ ಹಿಡಿಯುತ್ತಾರೆ, ಏಕೆಂದರೆ ಬೀಸುಕಲ್ಲಿನ ಪದಗಳ ಧಾಟಿ ಅವರ ಅಜ್ಜಿಯರಿಂದ ಇನ್ನೂ ಪೂರ್ತಿ ಮರೆಯಾಗಿಲ್ಲ. ಮ್ಯೂಸಿಯಮ್ಮಿಗೆ ಒಯ್ಯಲಾಗದ ವಸ್ತು ಎಂದು ಪಟ್ಟಿಯಲ್ಲಿ ಇದಕ್ಕೊಂದು ಪ್ರತ್ಯೇಕ ಸಾಲು.

ಊಟ ಬನಶಂಕರಿಯಲ್ಲಿ. ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತರುವ ಅಮ್ಮಂದಿರು ಗಿಡದ ನೆರಳಿನಲ್ಲಿ ಕಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ಹೋಟೆಲಿಗೆ ಹೋಗುವ ಆಲೋಚನೆಯನ್ನು ನಾನು ಎಂದೂ ಮಾಡಿಲ್ಲ.

ಸಂಜೆ ಮಹಾಕೂಟ. ವಿಷ್ಣು ಪುಷ್ಕರಿಣಿಯಲ್ಲಿ ಈಜುವವರನ್ನು ನೋಡಿ ಮಕ್ಕಳ ಮನಸ್ಸು ನೀರಿಗಿಳಿದುಬಿಡುತ್ತದೆ, ಅಲ್ಲಿ ಪಾಠ ನಡೆಯುವುದಿಲ್ಲ. ಆದರೆ ಪಟ್ಟಿಗೆ ದೊಡ್ಡ ನಮೂದು ಸಿಗುವುದು ಇಲ್ಲೇ. ಮಂಗಳೇಶ ಇಲ್ಲಿನ ದೇವರಿಗೆ ಕೊಟ್ಟ ದಾನವನ್ನೂ ಕಳಚುರಿ ಬುದ್ಧರಾಜನನ್ನು ಸೋಲಿಸಿದ್ದನ್ನೂ ಹೇಳುವ ಮಹಾಕೂಟ ಸ್ತಂಭ ಮಹಾಕೂಟದಲ್ಲಿಲ್ಲ. ಅದು ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಇರುವ ಮ್ಯೂಸಿಯಮ್ಮಿನಲ್ಲಿದೆ. ಬಾದಾಮಿಯಿಂದ ವಿಜಯಪುರಕ್ಕೆ ರೈಲಿದೆ. ಬಸ್ಸಿನಲ್ಲಾದರೆ ದಾರಿಯಲ್ಲಿ ಕೂಡಲಸಂಗಮಕ್ಕೆ ಹೋಗಿ ನದಿ ಮುಗಿಯುವುದನ್ನೂ ನೋಡಿಕೊಂಡು ಹೋಗಬಹುದು. ಅಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಹಿನ್ನೀರಿನಿಂದ ಕಾಪಾಡಲು ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ವಿಜಯಪುರ ತಲುಪಿದ ಮೇಲೆ ಒಂದು ಮಾತು ನೆನಪಿಡಿ: ಮೊದಲು ನಗಾರಖಾನೆ, ಆಮೇಲೆ ಗುಮ್ಮಟ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಕೂಗಲು ಶುರು ಮಾಡಿದ ಎಂಟನೆಯ ತರಗತಿಯನ್ನು ಕೆಳಗಿಳಿಸಿ ಕಂಬದ ಮುಂದೆ ನಿಲ್ಲಿಸುವ ಶಿಕ್ಷಕ ಇನ್ನೂ ಹುಟ್ಟಿಲ್ಲ.