ಒಂದೇ ಕೈಗೆ ಸಿಗುವಂಥದ್ದು: ಮಗುವಿನ ಸ್ನಾನದ ಸಾಮಾನು ನಾನು ಆರಿಸಿದ ಬಗೆ

ಮಗಳು ಹುಟ್ಟುವ ಮೊದಲೇ ಸ್ನಾನದ ಸಾಮಾನಿನ ದೊಡ್ಡ ಸೆಟ್ ತಂದಿಟ್ಟಿದ್ದೆ. ಸೋಪು, ಶಾಂಪೂ, ಲೋಷನ್, ಪೌಡರ್, ಎಲ್ಲವೂ ಒಂದೇ ಪರಿಮಳದ್ದು. ಮೊದಲ ಸಲ ಟಬ್‌ನಲ್ಲಿ ಸ್ನಾನ ಮಾಡಿಸುವಾಗ ನನ್ನ ಎಡಗೈ ಅವಳ ಕತ್ತಿನ ಕೆಳಗಿತ್ತು. ಬಲಗೈಯಿಂದ ಶಾಂಪೂ ಮುಚ್ಚಳ ತಿರುಗಿಸಲು ನೋಡಿದೆ. ಆಗಲೇ ಇಲ್ಲ. ಆ ಮುಚ್ಚಳಕ್ಕೆ ಎರಡು ಕೈ ಬೇಕು, ನನಗೆ ಬಿಡುವಿದ್ದದ್ದು ಒಂದೇ. ಅವತ್ತಿನಿಂದ ಏನು ಕೊಳ್ಳುವಾಗಲೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಒಂದು ಕೈಯಲ್ಲಿ ಇದನ್ನು ಬಳಸಲು ಆಗುತ್ತಾ?

ಹಾಗಾಗಿ ಪಂಪ್ ಇರುವ ಬಾಟಲಿ ಬಂತು. ಟೋಪಿಯಂಥ ಮೂಲೆ ಇರುವ ಟವೆಲ್ ಬಂತು. ಅದನ್ನು ಮೊದಲೇ ಹಾಸಿಟ್ಟರೆ ಮಗುವನ್ನು ಮಲಗಿಸಿ, ತಲೆ ಮುಚ್ಚಿ, ಹಾಗೇ ಸುತ್ತಬಹುದು. ಹೊಸ ಟವೆಲ್ ಅನ್ನು ಒಂದು ಸಲ ಒಗೆದೇ ಬಳಸಿದೆ.

ಟಬ್‌ಗೆ ಅವಸರ ಬೇಡ. ಹೊಕ್ಕುಳಬಳ್ಳಿ ಒಣಗಿ ಬೀಳುವವರೆಗೆ, ಸಾಮಾನ್ಯವಾಗಿ 1-2 ವಾರ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆಮೇಲೆ ತಳ ಜಾರದ, ಬೆನ್ನಿಗೆ ಇಳಿಜಾರು ಇರುವ ಟಬ್ ಆರಿಸಿದೆ. ನೀರು ಸುಮಾರು 5 ಸೆಂಟಿಮೀಟರ್ ಮಾತ್ರ, ಬಿಸಿ 37-38 ಡಿಗ್ರಿ ಸೆಲ್ಸಿಯಸ್. ನೀರಿನ ಥರ್ಮಾಮೀಟರ್ ಮೊದಲ ತಿಂಗಳು ನನಗೆ ತುಂಬಾ ಧೈರ್ಯ ಕೊಟ್ಟಿತು. ಆದರೂ ನೀರು ಚೆನ್ನಾಗಿ ಕದಡಿ ಮೊಣಕೈ ಅದ್ದಿ ನೋಡುವುದನ್ನು ಬಿಡಲಿಲ್ಲ. ಮಗು ಟಬ್‌ನಲ್ಲಿರುವಾಗ ಬಿಸಿನೀರು ಸೇರಿಸುವುದೇ ಇಲ್ಲ.

ತಳಕ್ಕೆ ಅಂಟಿಕೊಳ್ಳುವ ಸ್ನಾನದ ಸೀಟು ಮಾತ್ರ ಕೊಳ್ಳಲಿಲ್ಲ. ಅದು ನಮ್ಮ ಎರಡೂ ಕೈಗೆ ಬಿಡುವು ಕೊಟ್ಟಂತೆ ಕಾಣುತ್ತದೆ ಅಲ್ವಾ? ನನಗೆ ಭಯ ಆಗಿದ್ದೇ ಅದಕ್ಕೆ. ಸೀಟು ವಾಲಬಹುದು, ಮಗು ಜಾರಬಹುದು. ಕೆಲವೇ ಸೆಂಟಿಮೀಟರ್ ನೀರಲ್ಲೂ ಮಗು ಸದ್ದೇ ಇಲ್ಲದೆ ಮುಳುಗಬಹುದು.

ಇನ್ನು ಬಾಟಲಿಯ ಒಳಗೆ ಏನಿದೆ ಎನ್ನುವ ಮಾತು. ಎರಡನೇ ತಿಂಗಳಲ್ಲಿ ಮಗಳ ಕತ್ತು, ಎದೆಯ ಮೇಲೆ ಕೆಂಪು ಗುಳ್ಳೆಗಳೆದ್ದವು. ಪರಿಮಳದ್ದೆಲ್ಲ ನಿಲ್ಲಿಸಿ ಎಂದರು ಡಾಕ್ಟರ್. ನಿಲ್ಲಿಸಿದ ಮೇಲೆ ಇಳಿಯಿತು. ಆಮೇಲೆ ಬಾಟಲಿಯ ಮುಂದಿನ ಬರಹ ಬಿಟ್ಟು ಹಿಂದಿನದನ್ನು ಓದಲು ಶುರು ಮಾಡಿದೆ. 'ಕಣ್ಣೀರು ಬರಿಸದು' ಎಂದರೆ ಕಣ್ಣು ಉರಿಯುವುದಿಲ್ಲ ಅಂತಷ್ಟೇ, ಚರ್ಮಕ್ಕೆ ಒಗ್ಗುತ್ತದೆ ಅಂತಲ್ಲ. 'ಹೈಪೋಅಲರ್ಜೆನಿಕ್' (ಅಲರ್ಜಿ ಆಗುವುದು ಕಡಿಮೆ) ಎಂಬ ಪದಕ್ಕೆ ಅಮೆರಿಕದಂಥ ದೇಶದಲ್ಲೂ ಕಾನೂನಿನ ವ್ಯಾಖ್ಯೆ ಇಲ್ಲ. 'ಅನ್‌ಸೆಂಟೆಡ್' (ವಾಸನೆ ಇಲ್ಲದ್ದು) ಎಂದಿದ್ದರೂ ವಾಸನೆ ಮುಚ್ಚಲು ಬೇರೆ ಪರಿಮಳ ಸೇರಿಸಿರಬಹುದು. ನಾನು ಹುಡುಕುವುದು 'ಫ್ರಾಗ್ರೆನ್ಸ್ ಫ್ರೀ', ಅಂದರೆ ಪರಿಮಳವನ್ನೇ ಸೇರಿಸಿಲ್ಲ, ಎನ್ನುವುದನ್ನು.

ಸಾಮಾನ್ಯ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9-10 ಇರುತ್ತದೆ, ಅಂದರೆ ಕ್ಷಾರೀಯ. ಚರ್ಮ ಸ್ವಲ್ಪ ಆಮ್ಲೀಯ, ಸುಮಾರು 5.5. ಅದಕ್ಕೇ ಸೋಪು ಬಿಟ್ಟು, ತಲೆಗೂ ಮೈಗೂ ಆಗುವ ಒಂದೇ ಸೌಮ್ಯ ಬಾಡಿ ವಾಶ್ ಇಟ್ಟುಕೊಂಡೆ. ಅದೂ ಸ್ವಲ್ಪವೇ, ಕಂಕುಳು, ತೊಡೆಸಂದು, ಕತ್ತಿನ ಮಡಿಕೆಗಳಿಗೆ. ಮೊದಲ ವರ್ಷ ವಾರಕ್ಕೆ ಮೂರು ಸ್ನಾನ ಸಾಕು ಎಂದು ತಿಳಿದಾಗ ನನಗೇ ನಿರಾಳವಾಯಿತು. ಜಾಸ್ತಿ ತೊಳೆದಷ್ಟೂ ಚರ್ಮ ಒಣಗುತ್ತದೆ. ಮಾಯಿಶ್ಚರೈಸರ್ ಅನ್ನು ಮೈ ಇನ್ನೂ ಸ್ವಲ್ಪ ತೇವ ಇರುವಾಗಲೇ ಹಚ್ಚುತ್ತೇನೆ. ಹೊಸದು ಯಾವುದೇ ಆದರೂ ಮೊದಲು ಮಗಳ ಕೈ ಮೇಲೆ ಒಂದಿಷ್ಟು ಹಚ್ಚಿ ಒಂದು ದಿನ ಕಾಯುವುದು.

ಪೌಡರ್ ಎತ್ತಿಟ್ಟೆ. ಅದರ ನುಣುಪು ಪುಡಿ ಮಗುವಿನ ಶ್ವಾಸಕೋಶಕ್ಕೆ ಹೋಗಬಹುದು. ಕಿವಿಗೆ ಹತ್ತಿಕಡ್ಡಿಯೂ ಬೇಡ, ಹೊರಗೆ ಕಾಣುವಷ್ಟನ್ನು ಬಟ್ಟೆಯ ಅಂಚಿನಲ್ಲಿ ಒರೆಸಿದರೆ ಆಯಿತು. ತಲೆಯ ಹೊಟ್ಟಿಗೆ ಮೆತ್ತನೆಯ ಬ್ರಷ್ ನಿಜಕ್ಕೂ ಉಪಯೋಗಕ್ಕೆ ಬಂತು. ಸ್ವಲ್ಪ ಎಣ್ಣೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ನಿಧಾನ ಉಜ್ಜಿ, ಎಣ್ಣೆ ಪೂರ್ತಿ ಹೋಗುವಂತೆ ತೊಳೆಯಬೇಕು. ಉಗುರಿಗೆ ಮೊದಲ ವಾರಗಳಲ್ಲಿ ಬರೀ ಅರ, ಆಮೇಲೆ ತುದಿ ಗುಂಡಗಿರುವ ಕತ್ತರಿ. ಅವಳು ಗಾಢ ನಿದ್ದೆಯಲ್ಲಿರುವಾಗ, ಬೆರಳ ತುದಿಯ ಮಾಂಸವನ್ನು ಕೆಳಗೆ ಒತ್ತಿ ಹಿಡಿದು ಕತ್ತರಿಸುತ್ತೇನೆ. ಇದೊಂದು ಕೆಲಸಕ್ಕೆ ಎರಡೂ ಕೈ ಬೇಕು!

ಉಳಿದದ್ದೆಲ್ಲ ಈಗ ಒಂದು ಸಣ್ಣ ಬುಟ್ಟಿಯಲ್ಲಿ, ನನ್ನ ಬಲಗೈ ಪಕ್ಕ ಇರುತ್ತದೆ. ಏನಾದರೂ ಮರೆತರೆ ಮಗಳನ್ನು ಟವೆಲ್‌ನಲ್ಲಿ ಸುತ್ತಿ, ಎತ್ತಿಕೊಂಡೇ ಹೋಗಿ ತರುತ್ತೇನೆ.