ದಿನಕ್ಕೊಂದು ಹೊತ್ತು ನನ್ನ ಕೈಯಡುಗೆ: ಹೊರದೇಶದ ವಾಸದಲ್ಲಿ ನಾನು ಆರೋಗ್ಯ ಕಾಪಾಡಿಕೊಂಡ ಬಗೆ

ಉದ್ಯೋಗದ ನಿಮಿತ್ತ ನಾನು ಮೊದಲ ಬಾರಿ ಹೊರದೇಶಕ್ಕೆ ಹೋದಾಗ ಅಲ್ಲಿ 14 ತಿಂಗಳು ಇರಬೇಕಾಗಿತ್ತು. ಮೊದಲ ನಾಲ್ಕು ತಿಂಗಳಲ್ಲೇ ನನ್ನ ತೂಕ 5 ಕಿಲೋ ಏರಿತು. ಅದುವರೆಗೆ ಎಂದೂ ತೊಂದರೆ ಕೊಡದಿದ್ದ ರಕ್ತದೊತ್ತಡವೂ 148/94ಕ್ಕೆ ಬಂದು ನಿಂತಿತು. ಪರೀಕ್ಷಿಸಿದ ವೈದ್ಯರು ಕೂಡಲೇ ಮಾತ್ರೆ ಬರೆಯಲಿಲ್ಲ. ಎರಡು ವಾರ ತಿಂದದ್ದು, ಕುಡಿದದ್ದು ಎಲ್ಲವನ್ನೂ ಹೊತ್ತಿನ ಸಮೇತ ಬರೆದಿಟ್ಟು ತಂದು ತೋರಿಸುವಂತೆ ಹೇಳಿದರು.

ರಾತ್ರಿ ಹೋಟೆಲಿನಲ್ಲಿ ಮಾಡುವ ಊಟವೇ ಈ ತೊಂದರೆಗೆ ಕಾರಣವೆಂದು ನಾನು ನಂಬಿದ್ದೆ. ಬರೆದಿಟ್ಟ ಪುಟಗಳು ಬೇರೆಯದನ್ನೇ ಹೇಳಿದವು. ಬೆಳಗ್ಗೆ ಏನನ್ನೂ ತಿನ್ನದೆ ಹೊರಡುತ್ತಿದ್ದ ನಾನು ಹನ್ನೊಂದು ಗಂಟೆಯ ಹೊತ್ತಿಗೆ ಹಸಿವು ತಾಳಲಾರದೆ ಕೈಗೆ ಸಿಕ್ಕ ಬನ್ನು, ಬಿಸ್ಕತ್ತು, ಸಿಹಿ ಪಾನೀಯಗಳನ್ನು ತೆಗೆದುಕೊಳ್ಳುತ್ತಿದ್ದೆ. ಸಂಜೆ ದಣಿದು ಬಂದಾಗಲೂ ಇದೇ ಪುನರಾವರ್ತನೆಯಾಗುತ್ತಿತ್ತು. ವಾರಕ್ಕೆ ಮೂರು ರಾತ್ರಿ ಪೊಟ್ಟಣದ ನೂಡಲ್ಸ್‌ ಊಟವಾಗಿತ್ತು. ಊಟದ ಹೊತ್ತಿನಲ್ಲಿ ನಾನು ಸಾಕಷ್ಟು ಎಚ್ಚರ ವಹಿಸುತ್ತಿದ್ದೆ. ಹಸಿವಿಗೆ ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳದೆ ಇದ್ದ ಹೊತ್ತುಗಳೇ ನನ್ನನ್ನು ಕೆಡಿಸಿದ್ದವು. ಮೂರು ಹೊತ್ತೂ ಅಡುಗೆ ಮಾಡಿಕೊಳ್ಳಲು ನನಗೆ ಬಿಡುವಿರಲಿಲ್ಲವಾದ್ದರಿಂದ, ದಿನಕ್ಕೊಂದು ಹೊತ್ತನ್ನಾದರೂ, ಅದರಲ್ಲೂ ಬೆಳಗಿನ ಹೊತ್ತನ್ನು, ಸಂಪೂರ್ಣವಾಗಿ ನನ್ನ ಕೈಯಲ್ಲೇ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದೆ.

ರಾತ್ರಿಯೇ ಓಟ್ಸ್‌ ಅನ್ನು ಹಾಲಿನಲ್ಲಿ ನೆನೆಸಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಒಂದು ಹಣ್ಣನ್ನು ಹೆಚ್ಚಿ ಹಾಕಿ, ಉಪ್ಪಿಲ್ಲದ ಒಂದು ಹಿಡಿ ಬಾದಾಮಿಯನ್ನೋ ಕಡಲೆಬೀಜವನ್ನೋ ಸೇರಿಸಿ ತಿನ್ನತೊಡಗಿದೆ. ಇದಕ್ಕೆ ಐದು ನಿಮಿಷ ಸಾಕು. ಎರಡನೆಯ ವಾರದಿಂದಲೇ ಹನ್ನೊಂದು ಗಂಟೆಯ ಬನ್ನು ತಾನಾಗಿ ನಿಂತುಹೋಯಿತು.

ಮುಂದಿನ ಕಲಿಕೆ ಅಂಗಡಿಯಲ್ಲಾಯಿತು. ಭಾಷೆ ಬಾರದ ಊರಿನಲ್ಲಿ ಪೊಟ್ಟಣದ ಮೇಲಿನ ಬರಹ ಮೊದಮೊದಲು ಗಾಬರಿ ಹುಟ್ಟಿಸುತ್ತದೆ. ಆದರೆ ಅಂಕಿಗಳನ್ನು ಓದಲು ಭಾಷೆ ಬೇಕಿಲ್ಲ. ಉಪ್ಪು, ಸಕ್ಕರೆ, ಕೊಬ್ಬು, ನಾರು, ಪ್ರೋಟೀನ್‌, ಹಾಲು, ಮಾಂಸ, ಮೀನು ಎಂಬಂಥ ಹತ್ತು ಹನ್ನೆರಡು ಪದಗಳನ್ನು ಅಲ್ಲಿನ ಲಿಪಿಯಲ್ಲಿ ಒಂದು ಚೀಟಿಗೆ ಬರೆದುಕೊಂಡೆ. ಉಳಿದದ್ದಕ್ಕೆ ಫೋನಿನ ಕ್ಯಾಮೆರಾದ ಅನುವಾದ ನೆರವಾಯಿತು. ‘ಒಂದು ಬಾರಿಯ ಪ್ರಮಾಣ’ ಎಂಬ ಲೆಕ್ಕವನ್ನು ತಯಾರಕರು ತಮಗೆ ಅನುಕೂಲವಾಗುವಷ್ಟು ಚಿಕ್ಕದಾಗಿ ತೋರಿಸಬಹುದಾದ್ದರಿಂದ, ಎರಡು ಪೊಟ್ಟಣಗಳನ್ನು ಹೋಲಿಸುವಾಗ ನಾನು 100 ಗ್ರಾಂಗೆ ಎಷ್ಟು ಎಂಬ ಸಾಲನ್ನಷ್ಟೇ ನೋಡುತ್ತಿದ್ದೆ. ಬಹುತೇಕ ದೇಶಗಳಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವ ನಿಯಮವಿರುವುದರಿಂದ, ಮೊದಲ ಮೂರು ಹೆಸರುಗಳನ್ನು ನೋಡಿದರೆ ಆ ತಿನಿಸು ನಿಜವಾಗಿ ಏನೆಂಬುದು ತಿಳಿಯುತ್ತದೆ. ಗ್ಲುಕೋಸ್‌ ಸಿರಪ್‌, ಡೆಕ್ಸ್‌ಟ್ರೋಸ್‌, ಮಾಲ್ಟೋಸ್‌ ಎಂದೆಲ್ಲ ಬೇರೆಬೇರೆಯಾಗಿ ಬರೆದಿದ್ದರೂ ಅವೆಲ್ಲ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ.

ಉಪ್ಪಿನ ವಿಷಯದಲ್ಲಿ ನಾನು ಬಹಳ ಕಾಲ ಮೋಸಹೋಗಿದ್ದೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು, ಅಂದರೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಅನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಕೆಲವು ದೇಶಗಳ ಪೊಟ್ಟಣಗಳು ಉಪ್ಪಿನ ತೂಕವನ್ನು ತೋರಿಸಿದರೆ ಮತ್ತೆ ಕೆಲವು ದೇಶಗಳವು ಸೋಡಿಯಂ ತೂಕವನ್ನಷ್ಟೇ ತೋರಿಸುತ್ತವೆ. ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ ಎಂಬುದು ತಿಳಿಯದೆ ನಾನು ಸಣ್ಣ ಅಂಕಿಯನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದೆ. ನಾನು ತಿನ್ನುತ್ತಿದ್ದ ನೂಡಲ್ಸ್‌ನ ಒಂದು ಪೊಟ್ಟಣದಲ್ಲಿ 1.8 ಗ್ರಾಂ ಸೋಡಿಯಂ ಇತ್ತು. ಗುಣಿಸಿ ನೋಡಿದಾಗ 4.5 ಗ್ರಾಂ ಉಪ್ಪು. ಇಡೀ ದಿನದ ಪಾಲು ಹೆಚ್ಚುಕಡಿಮೆ ಆ ಒಂದೇ ಬಟ್ಟಲಿನಲ್ಲಿ ಮುಗಿಯುತ್ತಿತ್ತು. ಆ ದಿನದ ನಂತರ ನಾನು ಅದನ್ನು ಮತ್ತೆ ಕೊಳ್ಳಲಿಲ್ಲ.

ಅದರ ಜಾಗಕ್ಕೆ ಬಂದದ್ದು ಒಂದೇ ಪಾತ್ರೆಯ ಅಡುಗೆ. ನನ್ನ ಕೋಣೆಯಲ್ಲಿ ಒಲೆಯಿರಲಿಲ್ಲ. ಒಂದು ಸಣ್ಣ ವಿದ್ಯುತ್‌ ಪಾತ್ರೆಯಲ್ಲಿ ಅಕ್ಕಿ, ಬೇಳೆ ಮತ್ತು ಹೆಪ್ಪುಗಟ್ಟಿಸಿದ ತರಕಾರಿಯನ್ನು ಒಟ್ಟಿಗೆ ಬೇಯಿಸುತ್ತಿದ್ದೆ. ಕೊಯ್ಲಾದ ಸ್ವಲ್ಪ ಹೊತ್ತಿನಲ್ಲೇ ಘನೀಕರಿಸುವುದರಿಂದ ಇಂಥ ತರಕಾರಿ ತನ್ನ ಸತ್ವವನ್ನು ಚೆನ್ನಾಗಿಯೇ ಉಳಿಸಿಕೊಂಡಿರುತ್ತದೆ. ಒಬ್ಬರೇ ಇರುವವರಿಗೆ ಕೊಳೆತು ಎಸೆಯುವ ಪ್ರಸಂಗವೂ ಬರುವುದಿಲ್ಲ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಆಗಬೇಕೆಂಬ ಗುರಿಯನ್ನು ನಾನು ಮುಟ್ಟಿದ್ದು ಮುಖ್ಯವಾಗಿ ಈ ಚೀಲಗಳ ನೆರವಿನಿಂದಲೇ.

ಈ ಬಗೆಯ ಅಡುಗೆಯಲ್ಲಿ ಎರಡು ಅಪಾಯಗಳಿವೆ. ಒಂಟಿಯಾಗಿ ಅಡುಗೆ ಆರಂಭಿಸುವ ಎಳೆಯರಿಗೆ ಇವನ್ನು ಹೇಳುವವರು ಕಡಿಮೆಯಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ. ಮೊದಲನೆಯದು ಅನ್ನ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್‌ ಸೀರಿಯಸ್‌ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ಡಬ್ಬಿಗೆ ಹರಡಿ ಬೇಗ ಆರಿಸಿ, ಎರಡು ಗಂಟೆ ಮೀರುವ ಮೊದಲೇ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಫ್ರಿಜ್ಜಿನಲ್ಲಿಟ್ಟು, ಮರುದಿನವೇ ತಿಂದು ಮುಗಿಸುತ್ತಿದ್ದೆ. ಎರಡನೆಯದು ಕೆಂಪು ರಾಜ್ಮಾ ಕಾಳು. ಹಸಿ ಕಾಳಿನಲ್ಲಿರುವ ಲೆಕ್ಟಿನ್‌ ಎಂಬ ಪ್ರೋಟೀನ್‌ ವಾಂತಿ ಭೇದಿಗೆ ಕಾರಣವಾಗುತ್ತದೆ, ಮತ್ತು ಕುದಿಯುವಷ್ಟು ಕಾಯದೆ ನಿಧಾನವಾಗಿ ಬೇಯಿಸುವ ವಿದ್ಯುತ್‌ ಪಾತ್ರೆಗಳಲ್ಲಿ ಅದು ನಾಶವಾಗದೆ ಉಳಿಯಬಹುದು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿದ ಮೇಲೆಯೇ ಉಳಿದ ಬೇಯುವಿಕೆ ಆಗಬೇಕು. ಸಮಯವಿಲ್ಲದ ದಿನಗಳಲ್ಲಿ ನಾನು ಡಬ್ಬಿಯ ಕಾಳನ್ನು ಬಳಸುತ್ತಿದ್ದೆ. ಅದು ಬೆಂದೇ ಇರುತ್ತದೆ. ನೀರಿನಲ್ಲಿ ಎರಡು ಸಲ ತೊಳೆದರೆ ಅದರ ಉಪ್ಪೂ ಕಡಿಮೆಯಾಗುತ್ತದೆ.

ನಾನು ಸಸ್ಯಾಹಾರಿಯಾದ್ದರಿಂದ ಇನ್ನೊಂದು ಎಚ್ಚರ ಬೇಕಾಯಿತು. ಬಿ12 ಜೀವಸತ್ವ ಸಸ್ಯಮೂಲದ ಆಹಾರದಲ್ಲಿ ಸಹಜವಾಗಿ ದೊರೆಯುವುದಿಲ್ಲ. ನಾನು ಹಾಲು ಮೊಸರನ್ನು ಬಿಡದೆ ತೆಗೆದುಕೊಂಡರೂ ರಕ್ತಪರೀಕ್ಷೆ ಮಾಡಿಸಿ, ಕೊರತೆ ಕಂಡ ಮೇಲೆ ವೈದ್ಯರ ಸಲಹೆಯಂತೆ ಪೂರಕ ತೆಗೆದುಕೊಂಡೆ. ಭೂಮಧ್ಯರೇಖೆಯಿಂದ ದೂರದ ಪ್ರದೇಶಗಳ ಚಳಿಗಾಲದ ಬಿಸಿಲಿನಲ್ಲಿ ಚರ್ಮವು ಸಾಕಷ್ಟು ಡಿ ಜೀವಸತ್ವವನ್ನು ತಯಾರಿಸಲಾರದಾದ್ದರಿಂದ ಅದನ್ನೂ ಪರೀಕ್ಷಿಸಿಕೊಂಡೆ. ಹೊರಗೆ ಉಣ್ಣುವಾಗ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು ಎಂಬುದನ್ನು ತರಕಾರಿ ಸೂಪಿನಲ್ಲಿ ಮೀನಿನ ಸಾರ ಸಿಕ್ಕ ಒಂದು ಸಂಜೆ ಕಲಿತೆ. ಮಾಂಸ, ಮೀನು, ಅವುಗಳ ಮೂಳೆ ಬೇಯಿಸಿದ ನೀರು, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆಯುವ ಜೆಲಾಟಿನ್‌ ಇವುಗಳನ್ನು ತಿನ್ನುವುದಿಲ್ಲವೆಂದು ಸ್ಥಳೀಯ ಭಾಷೆಯಲ್ಲಿ ಸಹೋದ್ಯೋಗಿಯೊಬ್ಬರಿಂದ ಬರೆಸಿಕೊಂಡ ಚೀಟಿಯನ್ನು ಅಂದಿನಿಂದ ಅಡುಗೆಯವರಿಗೇ ತೋರಿಸುತ್ತಿದ್ದೆ. ಅಲರ್ಜಿ ಇರುವವರಿಗಂತೂ ಇಂಥ ಚೀಟಿ ಜೀವ ಉಳಿಸಬಲ್ಲದು.

ಪ್ರಯಾಣದ ದಿನಗಳ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ವಿಮಾನದೊಳಗಿನ ಗಾಳಿ ತೀರ ಒಣಗಿರುವುದರಿಂದ ನೀರಿನ ಬಾಟಲಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುತ್ತೇನೆ. ತಲುಪಿದ ಮೇಲೆ ಹಸಿವಿದ್ದರೂ ಇಲ್ಲದಿದ್ದರೂ ಅಲ್ಲಿನ ಊಟದ ಹೊತ್ತಿಗೇ ಸ್ವಲ್ಪ ಉಣ್ಣುತ್ತೇನೆ. ದೇಹ ಹೊಸ ಹೊತ್ತಿಗೆ ಒಗ್ಗಿಕೊಳ್ಳಲು ಬೆಳಕಿನ ಜೊತೆಗೆ ಊಟದ ಸಮಯವೂ ನೆರವಾಗುತ್ತದೆ. ತಾಜಾ ಹಣ್ಣು, ಹಾಲಿನ ಪದಾರ್ಥ ಮೊದಲಾದವನ್ನು ಗಡಿ ದಾಟಿಸುವುದಕ್ಕೆ ಅನೇಕ ದೇಶಗಳಲ್ಲಿ ನಿಷೇಧವಿರುವುದರಿಂದ ಅವನ್ನು ಇಳಿಯುವ ಮೊದಲೇ ಮುಗಿಸುತ್ತೇನೆ. ನೀರಿನ ಬಗ್ಗೆ ಅನುಮಾನವಿದ್ದಲ್ಲಿ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ ಕುದಿಸಿ ಕುಡಿಯುತ್ತೇನೆ. ಐಸನ್ನೂ ನೀರೆಂದೇ ಎಣಿಸುತ್ತೇನೆ. ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಯಲು ಚೀಲದಲ್ಲಿ ಲವಣ ಸಕ್ಕರೆ ಮಿಶ್ರಣದ ನಾಲ್ಕು ಓಆರ್‌ಎಸ್‌ ಪೊಟ್ಟಣಗಳು ಸದಾ ಇರುತ್ತವೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಅದನ್ನು ಕಲಸಬೇಕು. ನೀರು ಕಡಿಮೆಯಾದರೆ ದ್ರಾವಣ ಗಾಢವಾಗಿ ಭೇದಿಯೇ ಹೆಚ್ಚಬಹುದು. ಜ್ವರವೋ ಮಲದಲ್ಲಿ ರಕ್ತವೋ ಕಂಡರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಹತ್ತನೆಯ ತಿಂಗಳಲ್ಲಿ ನನ್ನ ರಕ್ತದೊತ್ತಡ 126/82ಕ್ಕೆ ಇಳಿದಿತ್ತು. ಏರಿದ ತೂಕದಲ್ಲಿ 4 ಕಿಲೋ ಕಳೆದಿತ್ತು. ಆಮೇಲೆ ಇನ್ನೂ ಮೂರು ದೇಶಗಳಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ಎಲ್ಲಿಗೆ ಹೋದರೂ ಮೊದಲ ಸಂಜೆ, ಪೆಟ್ಟಿಗೆಯ ಬಟ್ಟೆಗಳನ್ನು ತೆಗೆದಿಡುವುದಕ್ಕೂ ಮೊದಲು, ಹತ್ತಿರದ ದಿನಸಿ ಅಂಗಡಿಯನ್ನು ಹುಡುಕಿಕೊಂಡು ಹೋಗಿ ಓಟ್ಸ್‌, ಹಾಲು, ಹಣ್ಣು, ಬೇಳೆ ಮತ್ತು ಒಂದು ಚೀಲ ತರಕಾರಿಯನ್ನು ತರುತ್ತೇನೆ. ಮರುದಿನ ಬೆಳಗಿನ ಪಾಲು ಆ ರಾತ್ರಿಯೇ ನೆನೆಯುತ್ತದೆ.